ತಾತ್ಕಾಲಿಕಕ್ಕೆ ಸಾಕು

ಬಸ್ ಡಿಪೋದಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಇಪ್ಪತ್ತೆಂಟು ವರ್ಷದಿಂದ ಬಿಡಿಭಾಗಗಳ ಕೋಣೆ ನೋಡಿಕೊಳ್ಳುತ್ತಿದ್ದವನು ಎಲ್ಲರ ಬಾಯಲ್ಲೂ ಉಗ್ರಾಣಿಯೇ ಆಗಿಹೋಗಿದ್ದ. ಬೇರಿಂಗು, ಬೆಲ್ಟು, ಬ್ರೇಕಿನ ಲೈನಿಂಗು ಯಾವ ಕಪಾಟಿನ ಯಾವ ಖಾನೆಯಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ. ಯಾವ ಗಾಡಿಗೆ ಏನು ಕೊಡಬೇಕು, ಏನು ಕೊಡಬಾರದು ಎನ್ನುವುದರಲ್ಲಂತೂ ಎತ್ತಿದ ಕೈ. ಮೆಕ್ಯಾನಿಕ್ಕು ಹೊಸ ಟೈರು ಕೇಳಿಕೊಂಡು ಬಂದರೆ ಮೊದಲು ಗಾಡಿಯ ನಂಬರು ವಿಚಾರಿಸುತ್ತಿದ್ದ. ಇನ್ನೊಂದು ವರ್ಷದೊಳಗೆ ಗುಜರಿಗೆ ಹೋಗುವ ಗಾಡಿಯಾದರೆ ಹೊಸದು ಸಿಗುತ್ತಿರಲಿಲ್ಲ. ಮೂಲೆಗೆ ಒರಗಿಸಿಟ್ಟ ಹಳೆಯವುಗಳಲ್ಲೇ ಒಂದನ್ನು ಆರಿಸಿ, "ಗಾಡಿ ಓಡೋಷ್ಟು ದಿನ ಇದೂ ಓಡುತ್ತೆ, ಹೋಗು," ಎಂದು ಉರುಳಿಸಿಬಿಡುತ್ತಿದ್ದ. ಡಿಪೋ ಮ್ಯಾನೇಜರು ಈ ಜಾಣತನಕ್ಕೆ ಎಷ್ಟೋ ಸಲ ಅವನ ಬೆನ್ನು ತಟ್ಟಿದ್ದರು.

ಅವನಿಗೆ ಒಬ್ಬಳೇ ಅಕ್ಕ, ಒಂಬತ್ತು ವರ್ಷಕ್ಕೆ ದೊಡ್ಡವಳು. ಅಮ್ಮ ತೀರಿಕೊಂಡಾಗ ಅವನಿಗೆ ಏಳು ವರ್ಷ. ಅಂದಿನಿಂದ ಅವನ ತಲೆ ಬಾಚಿ, ಶಾಲೆಗೆ ಕಳಿಸಿ, ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕಿ ಬೆಳೆಸಿದವಳು ಅವಳೇ. ಮೀಸೆ ನೆರೆತ ಮೇಲೂ ಅವಳ ಬಾಯಲ್ಲಿ ಅವನು 'ಪುಟ್ಟ'. ಅವಳು ಮದುವೆಯ ಯೋಚನೆ ಮಾಡಲಿಲ್ಲ. ಮಾಡಲು ಪುರುಸೊತ್ತಾಗಲಿಲ್ಲ ಎನ್ನುತ್ತಿದ್ದಳು. ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ. ಅಚ್ಚಿಗೆ ಹೋಗುವ ಮುಂಚೆ ಪ್ರತಿ ಪುಟವೂ ಅವಳ ಕಣ್ಣಿನ ಕೆಳಗೆ ಹಾದುಹೋಗಲೇಬೇಕು. ಅಕ್ಷರಕ್ಕೆ ಕೊಂಬು ಬಿಟ್ಟುಹೋಗಿದ್ದರೆ, ಒತ್ತು ತಪ್ಪಿದ್ದರೆ, ಎರಡು ಮೊಳ ದೂರದಿಂದಲೇ ಕಂಡುಹಿಡಿಯುತ್ತಿದ್ದಳು. ಪ್ರೆಸ್ಸಿನವರು ಅವಳಿಗೆ 'ಕೊಂಬಿನಕ್ಕ' ಎಂದು ಹೆಸರಿಟ್ಟಿದ್ದರು. ಲೇಖಕರೊಬ್ಬರು ಅವಳ ತಿದ್ದುಪಡಿ ನೋಡಿ ಮುಖ ಕೆಂಪಗೆ ಮಾಡಿಕೊಂಡು, "ಆಕೆಗೆ ಕೊಂಬು ಬಂದಿದೆ," ಎಂದಿದ್ದರಂತೆ. "ನಂಗೆ ಬಂದಿರೋದು ನಿಜ, ಅವರ ಪುಸ್ತಕಕ್ಕೇ ಬಂದಿಲ್ಲ," ಎಂದು ಅಕ್ಕ ಅದನ್ನು ಮನೆಯಲ್ಲಿ ಹೇಳಿಕೊಂಡು ನಕ್ಕಿದ್ದಳು.

ಅರವತ್ತೆರಡನೇ ವಯಸ್ಸಿಗೆ ಅವಳ ಬೆನ್ನುಹುರಿಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಆಪರೇಷನ್ ಆಯಿತು. ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು. ಆಸ್ಪತ್ರೆಯಲ್ಲಿದ್ದ ಇಪ್ಪತ್ತು ದಿನವೂ ಅವಳಿಗೆ ನೋವಿಗಿಂತ ಹೆಚ್ಚು ಕಾಟ ಕೊಟ್ಟಿದ್ದು ಎದುರು ಗೋಡೆಯ ಬೋರ್ಡು. 'ನಿಶ್ಯಬ್ದವಾಗಿರಿ' ಎಂದು ಬರೆದಿತ್ತು. ಅದು 'ನಿಶ್ಶಬ್ದ' ಆಗಬೇಕು ಎಂದು ನರ್ಸಿಗೆ ದಿನಾ ಹೇಳುತ್ತಿದ್ದಳು.

"ಎಲ್ಲರೂ ಸುಮ್ನಿದ್ರೆ ಸಾಕಲ್ವಾಮ್ಮ, ಹೇಗೆ ಬರೆದ್ರೇನು?" ಎಂದಳು ನರ್ಸು.

"ಹಾಗೆ ಬರೆದಿರೋದನ್ನ ನೋಡ್ಕೊಂಡು ಸುಮ್ನಿರೋದು ಹೇಗಮ್ಮ?" ಎಂದಳು ಅಕ್ಕ.

ಮನೆಗೆ ಕರೆದುಕೊಂಡು ಹೋಗುವ ಹಿಂದಿನ ದಿನ ಡಾಕ್ಟರು ಉಗ್ರಾಣಿಯನ್ನು ಒಬ್ಬನನ್ನೇ ಹೊರಗೆ ಕರೆದರು. ಗಡ್ಡೆ ಪೂರ್ತಿ ತೆಗೆಯಲು ಆಗಿಲ್ಲ, ಅದು ಮೇಲಕ್ಕೆ ಹತ್ತುತ್ತದೆ ಎಂದರು. "ಒಂದು ವರ್ಷ ಅಂದ್ಕೊಳ್ಳಿ. ಸ್ವಲ್ಪ ಹೆಚ್ಚು ಕಡಿಮೆ ಆಗಬಹುದು." ಉಗ್ರಾಣಿ ತಲೆಯಾಡಿಸಿದ. ಅಕ್ಕನಿಗೆ ಹೇಳಲಿಲ್ಲ. ಹೆಂಡತಿಗೆ ಹೇಳಿದ, ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, ನಡುಕೋಣೆಯ ಕಿಟಕಿ ಪಕ್ಕ ಅತ್ತಿಗೆಗೆ ಹಾಸಿಗೆ ಅಣಿ ಮಾಡಿದಳು.

ಅಕ್ಕನಿಗೆ ಮಾತ್ರ ಒಂದೇ ಧ್ಯಾನ, ಕೆಲಸಕ್ಕೆ ಮರಳುವುದು. ಪ್ರೆಸ್ಸಿನಲ್ಲಿ ದೊಡ್ಡ ನಿಘಂಟೊಂದರ ಹೊಸ ಆವೃತ್ತಿ ಸಿದ್ಧವಾಗುತ್ತಿತ್ತು. ಅದರ ಕೊನೆಯ ಕರಡು ನೋಡಬೇಕಾದವಳು ಅವಳೇ ಎಂದು ಎರಡು ವರ್ಷದ ಹಿಂದೆಯೇ ಮಾತಾಗಿತ್ತು. ಪ್ರೆಸ್ಸಿನಲ್ಲಿ ಪುಟ ಜೋಡಿಸುವ ಹುಡುಗಿ ಅವಳನ್ನು ನೋಡಲು ಆಸ್ಪತ್ರೆಗೆ ಬಂದಾಗ ತನ್ನ ಲ್ಯಾಪ್‌ಟಾಪನ್ನೂ ತಂದಿದ್ದಳು. ಅದರ ಪರದೆಯನ್ನು ಪೂರ್ತಿ ಹಿಂದಕ್ಕೆ ಮಡಚಿದರೆ ಕೀಲಿಗಳು ಬೆನ್ನಿನ ಕಡೆ ಹೋಗಿ, ಇಡೀ ಯಂತ್ರ ಒಂದು ಸ್ಲೇಟಿನಂತಾಗುತ್ತಿತ್ತು. ಜೊತೆಗೆ ಒಂದು ಪೆನ್ನು. ಅಕ್ಕ ಮಲಗಿದಲ್ಲೇ ಅದನ್ನು ಎದೆಯ ಮೇಲೆ ಎತ್ತಿ ಹಿಡಿದು, ಪುಟದ ಅಂಚಿನಲ್ಲಿ ಮೂವತ್ತೈದು ವರ್ಷ ಹಾಕಿದ ಅದೇ ಗುರುತುಗಳನ್ನು ಗಾಜಿನ ಮೇಲೆ ಹಾಕಿ ನೋಡಿದ್ದಳು. ಆಪರೇಷನ್ ಆದ ಮೇಲೆ ಅವಳ ಮುಖ ಅರಳಿದ್ದು ಅದೇ ಮೊದಲು.

ಮನೆಗೆ ಬಂದ ವಾರಕ್ಕೆ ಅವಳು ತಮ್ಮನ ಕೈಗೆ ಒಂದು ಚೀಟಿಯನ್ನೂ ತನ್ನ ಬ್ಯಾಂಕಿನ ಕಾರ್ಡನ್ನೂ ಕೊಟ್ಟಳು. ಚೀಟಿಯಲ್ಲಿ ಮುತ್ತಿನಂಥ ಅಕ್ಷರದಲ್ಲಿ ಮಾಡೆಲ್ಲಿನ ಹೆಸರು. ಅದರ ಕೆಳಗೆ: 'ಪೂರ್ತಿ ಹಿಂದಕ್ಕೆ ಮಡಚುವಂಥದ್ದು. ಪೆನ್ನು ಇರಲೇಬೇಕು.' 'ಇರಲೇಬೇಕು' ಎನ್ನುವುದರ ಅಡಿಗೆ ಗೆರೆ ಎಳೆದಿದ್ದಳು.

ಅಂಗಡಿಯ ಮಾರಾಟಗಾರ ಒಳ್ಳೆಯ ಮನುಷ್ಯ. ಕೇಳಿದ್ದನ್ನು ತಂದಿಟ್ಟ, ಮಡಚಿ ತೋರಿಸಿದ, ಪೆನ್ನು ಕೊಟ್ಟು ಗೀಚಿ ನೋಡಿ ಎಂದ. ಬೆಲೆ ಕೇಳಿ ಉಗ್ರಾಣಿ ಪೆನ್ನನ್ನು ಮೆಲ್ಲಗೆ ಕೆಳಗಿಟ್ಟ.

"ಇದಕ್ಕಿಂತ ಕಮ್ಮಿದು ಇಲ್ವಾ?"

"ಇದೆಯಲ್ಲ ಸಾರ್." ಇನ್ನೊಂದು ಬಂತು. ಕಪ್ಪು ಪ್ಲಾಸ್ಟಿಕ್ಕಿನದು, ಸ್ವಲ್ಪ ದಪ್ಪ, ಸ್ವಲ್ಪ ಭಾರ, ಬೆಲೆ ಅರ್ಧಕ್ಕಿಂತ ಕೆಳಗೆ. "ಇದು ಮಡಚಲ್ಲ, ಪೆನ್ನಿಲ್ಲ. ಓದೋದು, ಟೈಪ್ ಮಾಡೋದು, ಮೇಲ್ ನೋಡೋದು, ಎಲ್ಲಾ ಆಗುತ್ತೆ. ಗಟ್ಟಿ ಮಾಲು. ನಿಮಗೆ ಎಷ್ಟು ವರ್ಷಕ್ಕೆ ಬೇಕು ಸಾರ್? ನಾಲ್ಕೈದು ವರ್ಷ ದಿನಾ ಬಳಸೋದಾದ್ರೆ ಅದನ್ನೇ ತಗೊಳ್ಳಿ. ತಾತ್ಕಾಲಿಕಕ್ಕೆ ಅಂದ್ರೆ ಇದು ಸಾಕು."

ಉಗ್ರಾಣಿ ಎರಡನ್ನೂ ನೋಡಿದ. ಎಡಗೈಲಿ ಒಂದು, ಬಲಗೈಲಿ ಒಂದು ಎತ್ತಿ ತೂಗಿದ. ಮುಂದೆ ಬರುವ ತಿಂಗಳುಗಳು ಕಣ್ಣ ಮುಂದೆ ಬಂದವು. ಔಷಧಿ, ನೋಡಿಕೊಳ್ಳಲು ಬರುವ ಹೆಂಗಸು, ಮತ್ತೆ ಆಸ್ಪತ್ರೆ. ಅಕ್ಕನ ದುಡ್ಡು ಅಕ್ಕನಿಗೇ ಬೇಕಾಗುತ್ತದೆ ಎಂದುಕೊಂಡ. ಇದೆಲ್ಲ ನಿಜವೇ. ಆದರೆ ಅದರ ಅಡಿಯಲ್ಲಿ ಇನ್ನೊಂದು ಲೆಕ್ಕವೂ ಇತ್ತು. ಇಪ್ಪತ್ತೆಂಟು ವರ್ಷದಿಂದ ದಿನಾ ಮಾಡಿ ಮಾಡಿ ಕೈಗೆ ಹತ್ತಿದ ಲೆಕ್ಕ. ಅದು ಎಷ್ಟು ಸಲೀಸಾಗಿ ಬಂದು ನಿಂತಿತೆಂದರೆ, ತಾನು ಏನು ಯೋಚಿಸುತ್ತಿದ್ದೇನೆ ಎಂದು ತಿಳಿಯುವ ಮೊದಲೇ ಬಾಯಿಂದ ಮಾತು ಹೊರಬಿದ್ದಿತ್ತು.

"ತಾತ್ಕಾಲಿಕಕ್ಕೆ," ಎಂದ.

ಬಸ್ಸಿನಲ್ಲಿ ಡಬ್ಬ ತೊಡೆಯ ಮೇಲಿಟ್ಟುಕೊಂಡು ಬರುವಾಗ ತಾನು ಹಾಕಿದ ಲೆಕ್ಕ ಯಾವುದೆಂದು ಹೊಳೆಯಿತು. ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸು ಹೋಗಬಹುದಿತ್ತು. ಇಳಿಯಲಿಲ್ಲ.

ಡಬ್ಬ ಬಿಚ್ಚಿದಾಗ ಅಕ್ಕ ಪರದೆಯನ್ನು ಹಿಂದಕ್ಕೆ ತಳ್ಳಿ ನೋಡಿದಳು. ಅದು ಅರ್ಧಕ್ಕೆ ನಿಂತಿತು.

"ಇದು ಅದಲ್ಲ ಕಣೋ ಪುಟ್ಟ."

"ಅದು ಸ್ಟಾಕ್ ಇಲ್ವಂತೆ ಅಕ್ಕ. ಬರೋಕೆ ಎರಡು ತಿಂಗಳಾಗುತ್ತೆ ಅಂದ್ರು. ನೀನು ಕೆಲಸ ಶುರು ಮಾಡ್ಬೇಕು ಅಂತಿದ್ಯಲ್ಲ, ಅದಕ್ಕೇ..."

"ಎರಡು ತಿಂಗಳು ಕಾಯ್ತಿದ್ದೆ. ನಾನೆಲ್ಲಿಗೆ ಹೋಗೋದಿದೆ?"

ಅಕ್ಕ ಅವನ ಮುಖ ನೋಡಿ, "ಇರಲಿ ಬಿಡು, ಇದೂ ಚೆನ್ನಾಗೇ ಇದೆ. ಇನ್ನು ಎರಡೆರಡು ಯಾಕೆ," ಎಂದು ತಾನೇ ಸಮಾಧಾನ ಹೇಳಿದಳು. ಉಳಿದ ದುಡ್ಡು ಅವಳ ಖಾತೆಯಲ್ಲೇ ಇತ್ತು. ಅದರ ಬಗ್ಗೆ ಅವಳು ಕೇಳಲೂ ಇಲ್ಲ.

ಅಡುಗೆಮನೆಯಲ್ಲಿ ಅವನು ಹೆಂಡತಿಗೆ ನಿಜ ಹೇಳಿದ. ಅವಳು ತೊಳೆಯುತ್ತಿದ್ದ ಪಾತ್ರೆ ಕೆಳಗಿಟ್ಟಳು.

"ಅವರ ದುಡ್ಡು, ಅವರ ಕೆಲಸ. ಒಂದು ಮಾತು ಫೋನ್ ಮಾಡಿ ಕೇಳಬಾರದಿತ್ತಾ?"

"ಕೇಳಿದ್ರೆ ಅದೇ ಬೇಕು ಅಂತಿದ್ಲು."

"ಮತ್ತೆ? ವಾಪಸು ತಗೊಳ್ತಾರಾ?"

"ಏಳು ದಿನದೊಳಗೆ ಆದ್ರೆ ತಗೊಳ್ತಾರಂತೆ."

"ಹಾಗಿದ್ರೆ ನಾಳೆನೇ ಹೋಗಿ ಬನ್ನಿ."

ಮರುದಿನ ಡಿಪೋದಲ್ಲಿ ತಪಾಸಣೆ. ಅದರ ಮರುದಿನ ಮೈ ಮುರಿಯುವಷ್ಟು ಕೆಲಸ. ನಾಲ್ಕನೇ ದಿನ ನೋಡಿದರೆ ಅಕ್ಕ ಆಗಲೇ ಕೀಲಿಗಳನ್ನು ಕುಟ್ಟುತ್ತಿದ್ದಳು. ಹೊಂದಿಕೊಂಡಿದ್ದಾಳಲ್ಲ, ಇನ್ಯಾಕೆ ಎಂದುಕೊಂಡ. ಏಳನೇ ದಿನ ಭಾನುವಾರ. ಮಧ್ಯಾಹ್ನ ಊಟ ಮಾಡಿ ಕುರ್ಚಿಯಲ್ಲಿ ಕೂತವನು ಅಂಗಡಿ ಮುಚ್ಚುವ ಹೊತ್ತಿನವರೆಗೂ ಏಳಲೇ ಇಲ್ಲ. ಹೆಂಡತಿ ಎರಡು ಸಲ ಬಂದು ನೋಡಿ ಹೋದಳು.

ತಪ್ಪು ಮಾಡಿದವನು ಕೈಕಟ್ಟಿ ಕೂರಲಿಲ್ಲ ಎನ್ನಬೇಕು. ಅಕ್ಕ ಎರಡು ದಿಂಬಿಗೆ ಒರಗಿ ಮಲಗಬೇಕಿತ್ತು, ಅದಕ್ಕಿಂತ ನೇರವಾಗಿ ಕೂರುವಂತಿರಲಿಲ್ಲ. ಲ್ಯಾಪ್‌ಟಾಪು ಹೊಟ್ಟೆಯ ಮೇಲಿಟ್ಟರೆ ಭಾರ, ಬಿಸಿ. ಉಗ್ರಾಣಿ ಡಿಪೋದ ವೆಲ್ಡರನ್ನು ಹಿಡಿದು ಪೈಪು ಬಗ್ಗಿಸಿ, ಹಾಸಿಗೆಯ ಮೇಲೆ ಚಾಚಿಕೊಳ್ಳುವ ಒಂದು ಸ್ಟ್ಯಾಂಡು ಮಾಡಿಸಿದ. ಮೇಲೆ ಕೆಳಗೆ ಆಗುವಂತೆ ತಿರುಪು ಕೂರಿಸಿದ. ಕೈ ತಗಲುವ ಕಡೆಯಲ್ಲೆಲ್ಲ ರಬ್ಬರು ಸುತ್ತಿದ. ನೋಡಿದವರೆಲ್ಲ ಹೊಗಳಿದರು. ಆದರೆ ಕೈಯನ್ನು ಗಾಳಿಯಲ್ಲೇ ಎತ್ತಿಟ್ಟುಕೊಂಡು ಕೀಲಿ ಒತ್ತಬೇಕಿತ್ತು. ಒಂದು ತಪ್ಪು ಕಂಡರೆ ಬಾಣದ ಗುರುತನ್ನು ಬೆರಳಿನಿಂದ ಎಳೆದೆಳೆದು ಅಲ್ಲಿಗೆ ತಂದು, ಟಿಪ್ಪಣಿಯ ಚೌಕ ತೆರೆದು, ಏನು ತಪ್ಪೆಂದು ಟೈಪು ಮಾಡಬೇಕು. ಪೆನ್ನಿನಲ್ಲಾದರೆ ಒಂದು ಗೀಟು, ಒಂದು ಸೊನ್ನೆ, ಮುಗಿಯಿತು. ದಿನಕ್ಕೆ ನಲವತ್ತು ಪುಟ ನೋಡುತ್ತಿದ್ದವಳು ಎಂಟಕ್ಕೆ ಇಳಿದಳು. ಸಂಜೆಯ ಹೊತ್ತಿಗೆ ಮಣಿಕಟ್ಟು ಊದಿಕೊಳ್ಳುತ್ತಿತ್ತು.

ಕೊನೆಗೆ ಉಗ್ರಾಣಿಯೇ ಸಂಜೆ ಕೆಲಸ ಬಿಟ್ಟು ಬಂದವನು ಅಕ್ಕನ ಪಕ್ಕ ಕುರ್ಚಿ ಎಳೆದುಕೊಂಡು ಕೂರತೊಡಗಿದ. ಅವಳು ಹೇಳುವುದು, ಅವನು ಟೈಪು ಮಾಡುವುದು.

"ಹದಿನೇಳನೇ ಸಾಲು. 'ಸಂಬಂದ' ಅಂತಿದೆ. ಮಹಾಪ್ರಾಣ ಹಾಕು."

"ಯಾವ್ದು ಅದು?"

"ಅಯ್ಯೋ, ಏಳನೇ ಕ್ಲಾಸಲ್ಲಿ ನಾನೇ ಹೇಳಿಕೊಟ್ಟಿದ್ದೆ. ಹೊಟ್ಟೆಯಿಂದ ಉಸಿರು ಬರಬೇಕು, 'ಧ'. ನನ್ನ ಹತ್ರ ಈಗ ಉಳಿದಿರೋದು ಅಲ್ಪಪ್ರಾಣವೇ, ಆದ್ರೂ ಸರಿಯಾಗಿ ಕೇಳಿಸ್ಕೋ."

ಉಗ್ರಾಣಿ ನಕ್ಕ. ಕೆಮ್ಮಿದಂತೆ ಮಾಡಿ ಎದ್ದು ನೀರು ಕುಡಿದು ಬಂದ. ಆ ಸಂಜೆಗಳು ಚೆನ್ನಾಗಿದ್ದವು ಎನ್ನುವುದನ್ನೂ ಹೇಳಬೇಕು. ಅಮ್ಮ ಹೋದ ಹೊಸದರಲ್ಲಿ ಬಿಟ್ಟರೆ ಅಕ್ಕ ತಮ್ಮ ಅಷ್ಟು ಹೊತ್ತು ಒಂದೇ ಕಡೆ ಕೂತಿದ್ದೇ ಇಲ್ಲ. ಆದರೆ ಅವನು ಒಂದೊಂದೇ ಕೀಲಿ ಹುಡುಕಿ ಒತ್ತುವವನು. ಅವಳ ಕಣ್ಣು ಮೂರು ಸಾಲು ಮುಂದೆ ಹೋಗಿ ಅಲ್ಲಿ ಕಾಯುತ್ತಿತ್ತು. ಒಮ್ಮೊಮ್ಮೆ ಅವಳು ತುಟಿ ಕಚ್ಚಿಕೊಳ್ಳುವುದು ಅವನಿಗೆ ಕಾಣುತ್ತಿತ್ತು.

ಐದನೇ ತಿಂಗಳಲ್ಲಿ ಪ್ರೆಸ್ಸಿನ ಯಜಮಾನರು ಹಣ್ಣು ಹಿಡಿದುಕೊಂಡು ಮನೆಗೆ ಬಂದರು. ಆ ಮಾತು ಈ ಮಾತು ಆಡಿ, ಚಹಾ ಕುಡಿದು, ಕೊನೆಗೆ ಲೋಟದ ತಳ ನೋಡುತ್ತ ಹೇಳಿದರು. ನಿಘಂಟು ತಡವಾಗುತ್ತಿದೆ, ಸಾವಿರದ ಮೇಲೆ ಪುಟ ಬಾಕಿ ಇದೆ, ಹೊರಗಿನವರೊಬ್ಬರನ್ನು ಗೊತ್ತು ಮಾಡಬೇಕಾಗಿ ಬಂದಿದೆ.

"ನೀವು ಬೇಜಾರು ಮಾಡ್ಕೋಬಾರದು."

"ಬೇಜಾರೇನಿಲ್ಲ. ಪುಸ್ತಕ ಮೊದಲು," ಎಂದಳು ಅಕ್ಕ. "ಅವರಿಗೆ ಹೇಳಿ, 'ಷ'ಕಾರದ ಪುಟಗಳನ್ನ ಎರಡು ಸಲ ನೋಡಲಿ. ಅಲ್ಲಿ ತುಂಬಾ ಕಸ ಇದೆ."

ಅವರು ಹೋದ ಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿದಳು. ಆ ಸಂಜೆ ಕುರ್ಚಿ ಎಳೆದುಕೊಂಡು ಕೂತ ತಮ್ಮನಿಗೆ, "ಇವತ್ತು ಬೇಡ ಪುಟ್ಟ," ಎಂದಳು. ಆಮೇಲೆ ಸಣ್ಣಪುಟ್ಟ ಕರಡುಗಳು ಬಂದವು. ಶಾಲೆಯೊಂದರ ವಾರ್ಷಿಕ ಪುಸ್ತಿಕೆ, ಅಡುಗೆ ಪಾತ್ರೆಗಳ ಬೆಲೆಪಟ್ಟಿ. ಅವನ್ನೂ ಅಷ್ಟೇ ಶ್ರದ್ಧೆಯಿಂದ ನೋಡಿದಳು.

ಪುಟ ಜೋಡಿಸುವ ಹುಡುಗಿ ಬಂದಿದ್ದು ಎಂಟನೇ ತಿಂಗಳಲ್ಲಿ. ಉಗ್ರಾಣಿಯೂ ಮನೆಯಲ್ಲಿದ್ದ. ಹುಡುಗಿ ಸ್ಟ್ಯಾಂಡಿನ ಮೇಲಿದ್ದ ಲ್ಯಾಪ್‌ಟಾಪು ನೋಡಿ ಹುಬ್ಬೇರಿಸಿದಳು.

"ಮೇಡಂ, ನೀವು ಆ ಮಡಚೋದನ್ನ ತಗೊಳ್ಳಲಿಲ್ವಾ?"

"ಸ್ಟಾಕ್ ಇರಲಿಲ್ವಂತೆ," ಎಂದಳು ಅಕ್ಕ.

"ಯಾವಾಗ? ನೀವು ಮನೆಗೆ ಬಂದ ಮರುವಾರ ತಾನೇ? ಆಗಲೇ ನಾವೂ ಪ್ರೆಸ್ಸಿಗೆ ಅಂತ ಅದೇ ಅಂಗಡಿಯಿಂದ ಎರಡು ತಂದ್ವಿ. ಸಾಲಾಗಿ ಜೋಡಿಸಿಟ್ಟಿದ್ರು."

ಹುಡುಗಿ ಏನೂ ಅರಿಯದೆ ಆಡಿದ ಮಾತು. ಅಕ್ಕ ಅವನ ಕಡೆ ತಿರುಗಿ ನೋಡಲಿಲ್ಲ. "ಹೌದಾ," ಎಂದಳು ಅಷ್ಟೇ, "ನಿಮ್ಮಮ್ಮನ ಮಂಡಿನೋವು ಈಗ ಹೇಗಿದೆ?" ಎಂದು ಮಾತು ಬದಲಿಸಿದಳು. ಹುಡುಗಿ ಹೋದ ಮೇಲೂ, ಮರುದಿನವೂ, ಅದರ ಮರುದಿನವೂ ಆ ವಿಷಯ ಎತ್ತಲಿಲ್ಲ. ಬೈದಿದ್ದರೆ ಅವನು ಅತ್ತಾದರೂ ಹಗುರಾಗುತ್ತಿದ್ದ. ಹೇಳಿಬಿಡಬೇಕೆಂದು ದಿನಾ ಬಾಗಿಲವರೆಗೆ ಬರುತ್ತಿದ್ದ. ಅಕ್ಕ, "ಏನೋ?" ಎನ್ನುತ್ತಿದ್ದಳು. "ಏನಿಲ್ಲ, ನೀರು ಬೇಕಾ ಅಂತ," ಎನ್ನುತ್ತಿದ್ದ.

ಡಾಕ್ಟರು ಹೇಳಿದ ಒಂದು ವರ್ಷ ಬಂತು, ಹೋಯಿತು. ಅಕ್ಕ ಇದ್ದಳು. ಹಸಿವು ಚೆನ್ನಾಗಿತ್ತು, ಬುದ್ಧಿ ಚುರುಕಾಗಿತ್ತು. ಹದಿಮೂರನೇ ತಿಂಗಳೂ ಕಳೆಯಿತು. ಕ್ಯಾಲೆಂಡರಿನ ಹಾಳೆ ತಿರುವುವಾಗ ಉಗ್ರಾಣಿಗೆ ಸಂತೋಷವೂ ನಾಚಿಕೆಯೂ ಒಟ್ಟಿಗೇ ಬಂದವು. ಅವಳು ಬದುಕಿರುವುದಕ್ಕೆ ನಾಚಿಕೊಳ್ಳುವ ಸ್ಥಿತಿ ತಂದುಕೊಂಡೆನಲ್ಲ ಎಂದು ತನ್ನ ಮೇಲೇ ಅಸಹ್ಯವಾಯಿತು. ಆ ತಿಂಗಳ ಸಂಬಳ ಬಂದ ದಿನ ನೇರ ಅದೇ ಅಂಗಡಿಗೆ ಹೋಗಿ, ತನ್ನ ದುಡ್ಡಿನಲ್ಲೇ, ಅಕ್ಕ ಚೀಟಿಯಲ್ಲಿ ಬರೆದಿದ್ದ ಆ ಮಡಚುವ ಯಂತ್ರವನ್ನೇ ಕೊಂಡ. ಮಾರಾಟಗಾರನಿಗೆ ಅವನ ಗುರುತು ಹತ್ತಲಿಲ್ಲ.

ಅಕ್ಕ ಅದನ್ನು ಎದೆಯ ಮೇಲೆ ಇರಿಸಿಕೊಂಡಳು. ಪರದೆ ಪೂರ್ತಿ ಹಿಂದಕ್ಕೆ ಹೋಯಿತು. "ಹಗುರ ಇದೆ," ಎಂದಳು. ಅವನು ಪೆನ್ನು ಬಿಚ್ಚಿ ಕೈಗೆ ಕೊಟ್ಟ. ಅವಳು ತೆಗೆದುಕೊಂಡಳು, ಅದು ಬೆರಳ ಸಂದಿಯಿಂದ ಜಾರಿ ಹೊದಿಕೆಯ ಮೇಲೆ ಬಿತ್ತು. ಮತ್ತೆ ಎತ್ತಿಕೊಟ್ಟ. ಈ ಸಲ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಗಾಜಿನ ಮೇಲೆ ಒಂದು ಗೆರೆ ಎಳೆದಳು. ಅದು ಎತ್ತೆತ್ತಲೋ ಹೋಯಿತು.

"ಯಾವಾಗಿಂದ ಹೀಗೆ?" ಎಂದ ಅವನು.

"ಎರಡು ತಿಂಗಳಾಯ್ತು. ಬೆರಳಿನ ತುದಿ ಜೋಮು ಹಿಡಿದ ಹಾಗೆ. ನಿನಗೆ ಗಾಬರಿಯಾಗುತ್ತೆ ಅಂತ ಹೇಳಲಿಲ್ಲ."

ಉಗ್ರಾಣಿ ಹಾಸಿಗೆಯ ಅಂಚಿಗೆ ಕೂತ. ಆಗ ಎಲ್ಲ ಹೇಳಿದ. ಸ್ಟಾಕ್ ಇತ್ತು, ಎರಡೂ ನನ್ನ ಮುಂದೆಯೇ ಇದ್ದವು, ನಾನೇ ಬೇಡವೆಂದೆ ಎಂದ. ಏಳು ದಿನದ ವಿಷಯವನ್ನೂ ಬಿಡಲಿಲ್ಲ. ಅಕ್ಕ ಕಣ್ಣು ಮುಚ್ಚಿಕೊಂಡು ಕೇಳಿದಳು.

"ಡಾಕ್ಟ್ರು ನಿನಗೆ ಎಷ್ಟು ಅಂದಿದ್ರು?"

ಅವನು ಹೊದಿಕೆಯ ಅಂಚನ್ನು ಎಳೆದು ಸರಿಮಾಡಿದ.

"ಹೇಳು ಪರವಾಗಿಲ್ಲ. ನಾನೇನು ಚಿಕ್ಕ ಮಗುನಾ?"

"ಒಂದು ವರ್ಷ."

ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತ ಹೋದರು.

"ನೀನು ಅದನ್ನ ನನಗೆ ಹೇಳಿದ್ದಿದ್ರೆ," ಎಂದಳು ಅಕ್ಕ, "ಎಷ್ಟಾದ್ರೂ ಆಗಲಿ ಅದನ್ನೇ ತಾ ಅಂತಿದ್ದೆ. ಐದು ವರ್ಷ ಇರೋರು ಹೇಗೋ ನಿಭಾಯಿಸ್ತಾರೆ ಕಣೋ. ಒಂದೇ ವರ್ಷ ಇರೋರಿಗಲ್ವಾ ಒಳ್ಳೇದು ಬೇಕಾಗಿರೋದು?"

ದನಿಯಲ್ಲಿ ಸಿಟ್ಟಿರಲಿಲ್ಲ. ಒಂದು ವಾಕ್ಯ ಯಾಕೆ ತಪ್ಪು ಎಂದು ಬಿಡಿಸಿ ಹೇಳುವವರ ದನಿ. ಉಗ್ರಾಣಿ ತಲೆ ತಗ್ಗಿಸಿ ಕೂತ. ಕ್ಷಮಿಸು ಎನ್ನಬೇಕೆಂದು ಬಾಯಿ ತೆರೆದ. ಅದಕ್ಕೆ ಅಕ್ಕ ಏನೂ ಅನ್ನದೆ ಉಳಿದರೆ ಎಂಬ ಹೆದರಿಕೆಗೆ ಮುಚ್ಚಿಕೊಂಡ. ಅವಳೇ ಕೈ ಚಾಚಿ ಅವನ ಮೊಣಕೈ ಮುಟ್ಟಿ, "ಹೋಗು, ಮುಖ ತೊಳ್ಕೊಂಡು ಬಾ," ಎಂದಳು.

ಅಕ್ಕ ಮತ್ತೆ ಎರಡು ವರ್ಷ ಇದ್ದಳು. ಕರಡು ತಿದ್ದುವ ಕೆಲಸ ನಿಂತೇ ಹೋಯಿತು. ಹೊಸ ಯಂತ್ರದಲ್ಲಿ ಪುಸ್ತಕ ಓದುತ್ತಿದ್ದಳು. ಬೆರಳ ಗೆಣ್ಣಿನಿಂದ ಗಾಜನ್ನು ಸರಿಸಿ ಪುಟ ತಿರುವುವುದನ್ನು ಕಲಿತಿದ್ದಳು. ಆ ಉಪಾಯ ಕೊನೆಯವರೆಗೂ ಕೈಕೊಡಲಿಲ್ಲ. "ಓದೋಕೆ ಇಷ್ಟು ಸುಖ ಅಂತ ಗೊತ್ತೇ ಇರಲಿಲ್ಲ," ಎಂದು ಅವನ ಹೆಂಡತಿಯ ಹತ್ತಿರ ಹೇಳಿದ್ದಳಂತೆ. ಓದುವಾಗ ಒಮ್ಮೊಮ್ಮೆ ಅವಳ ಬಲಗೈ ತಾನಾಗಿ ಮೇಲಕ್ಕೆದ್ದು ಪುಟದ ಅಂಚಿನ ಕಡೆಗೆ ಹೋಗಿ, ಅಲ್ಲಿ ಕ್ಷಣ ನಿಂತು, ಮತ್ತೆ ಹೊದಿಕೆಯ ಮೇಲೆ ಇಳಿಯುತ್ತಿತ್ತು. ಎಲ್ಲೋ ತಪ್ಪು ಕಂಡಿದೆ ಎಂದು ಉಗ್ರಾಣಿಗೆ ತಿಳಿಯುತ್ತಿತ್ತು. ಯಾವ ತಪ್ಪೆಂದು ಅವನು ಕೇಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಹತ್ತೂವರೆಗೆ, ಅವನು ಡಿಪೋದಲ್ಲಿ ಎಣ್ಣೆಯ ಡಬ್ಬಗಳನ್ನು ಎಣಿಸುತ್ತಿದ್ದಾಗ ಹೆಂಡತಿಯ ಫೋನು ಬಂತು. ಅವನು ಮನೆ ಸೇರುವಷ್ಟರಲ್ಲಿ ಅಕ್ಕನ ಕಣ್ಣು ಮುಚ್ಚಿದ್ದರು. ಬಂದ ನೆಂಟರೆಲ್ಲ ಅವನ ಬೆನ್ನ ಮೇಲೆ ಕೈಯಿಟ್ಟು, ಒಡಹುಟ್ಟಿದವರಿಗೆ ಇಷ್ಟು ಮಾಡುವವರನ್ನು ನಾವು ಕಂಡಿಲ್ಲ ಎಂದರು. ಅವನು ಬೇಡ, ಹಾಗನ್ನಬೇಡಿ ಎಂದ. ವಿನಯ ಎಂದುಕೊಂಡರು.

ಈಗ ಅವನು ನಿವೃತ್ತನಾಗಿದ್ದಾನೆ. ಮಡಚುವ ಲ್ಯಾಪ್‌ಟಾಪನ್ನು ಪುಟ ಜೋಡಿಸುವ ಹುಡುಗಿಗೆ ಕೊಟ್ಟುಬಿಟ್ಟ. ಕಪ್ಪು ಪ್ಲಾಸ್ಟಿಕ್ಕಿನದು ಮನೆಯಲ್ಲೇ ಇದೆ. ಪೆನ್ಶನ್ನಿನ ಅರ್ಜಿ, ಕರೆಂಟು ಬಿಲ್ಲು, ಮದುವೆಯಾಗಿ ಬೇರೆ ಊರಲ್ಲಿರುವ ಮಗಳು ಕಳಿಸುವ ಫೋಟೋ ಎಲ್ಲ ಅದರಲ್ಲೇ. ಆರು ವರ್ಷವಾದರೂ ಒಂದು ದಿನ ಕೆಟ್ಟಿಲ್ಲ, ಒಂದು ಕೀಲಿ ಸಡಿಲವಾಗಿಲ್ಲ. ಅದು ಕೆಟ್ಟು ನಿಂತಿದ್ದರೆ, ನಾಲ್ಕು ಜನರ ಎದುರು ಅದನ್ನಾದರೂ ಬೈಯಬಹುದಿತ್ತು ಎಂದು ಅವನಿಗೆ ಎಷ್ಟೋ ಸಲ ಅನ್ನಿಸಿದೆ. ಮೊನ್ನೆ ಹೆಂಡತಿ ಅದರ ಮೇಲಿನ ಧೂಳು ಒರೆಸುತ್ತ, "ಏನೇ ಅನ್ನಿ, ಒಳ್ಳೆ ಬಾಳಿಕೆ ಬಂತು ಕಣ್ರೀ ಇದು," ಎಂದಳು.

"ಹೂಂ," ಎಂದ ಉಗ್ರಾಣಿ. ಎದ್ದು ಕಿಟಕಿ ತೆರೆಯಲು ಹೋದ.